ಸೇವೆಯ ನಡುವಣ ಓದು

ನಲವತ್ತಾರನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗುವುದೆಂದರೆ ಸ್ವಲ್ಪ ನಾಚಿಕೆಯ ಸಂಗತಿಯೇ. ಧಾರವಾಡ ಸೀಮೆಯ ಒಂದು ಸಣ್ಣ ಊರಿನ ದೇವಾಲಯದಲ್ಲಿ ನಾನು ಸಭಾಪಾಲಕ. ಎರಡು ವರ್ಷದ ತರಬೇತಿ ಮುಗಿಸಿ ಉಪದೇಶಿಯಾಗಿ ಸೇವೆಗೆ ಸೇರಿದವನು. ಪದವಿಗೆ ಓದುವ ಅನುಕೂಲ ಆಗ ಮನೆಯಲ್ಲಿರಲಿಲ್ಲ. ಈಗ ಭಾನುವಾರದ ಆರಾಧನೆ, ಬುಧವಾರದ ಪ್ರಾರ್ಥನಾಕೂಟ, ನಡುವೆ ಬರುವ ಮದುವೆ, ದೀಕ್ಷಾಸ್ನಾನ, ಶವಸಂಸ್ಕಾರ, ಸೋರುವ ಹಂಚಿನ ಲೆಕ್ಕ — ಇವೆಲ್ಲ ಮುಗಿದ ಮೇಲೆ ರಾತ್ರಿ ಒಂಬತ್ತಕ್ಕೆ ಕಂಪ್ಯೂಟರಿನ ಮುಂದೆ ಕುಳಿತು, ದೂರದ ಸೆಮಿನರಿಯೊಂದರ ಆನ್‌ಲೈನ್ ಪಾಠ ಕೇಳುತ್ತೇನೆ. ಇದು ನಾಲ್ಕನೆಯ ವರ್ಷ. ಹೀಗೆ ಓದುವುದು ಓದೇ ಅಲ್ಲ ಎನ್ನುವವರಿದ್ದಾರೆ. ಸೇವೆಯಲ್ಲಿರುವವನು ಹೀಗಲ್ಲದೆ ಬೇರೆ ಹೇಗೂ ಓದಬಾರದು ಎನ್ನುವವರೂ ಇದ್ದಾರೆ. ಎರಡೂ ಪಕ್ಷದವರ ಮಾತಿನಲ್ಲಿ ಅನುಭವಕ್ಕಿಂತ ಉತ್ಸಾಹವೇ ಹೆಚ್ಚೆಂದು ನನಗೆ ತೋರುತ್ತದೆ.

ಸೇವೆ ಮಾಡುತ್ತ ಓದುವ ಪದ್ಧತಿ ಕಂಪ್ಯೂಟರಿನೊಡನೆ ಹುಟ್ಟಿದ್ದೇನೂ ಅಲ್ಲ. ವಿಲಿಯಂ ಕೇರಿ ಇಂಗ್ಲೆಂಡಿನ ಮೌಲ್ಟನ್ ಎಂಬ ಹಳ್ಳಿಯಲ್ಲಿ ಸಭಾಪಾಲಕನಾಗಿದ್ದಾಗ ಹೊಟ್ಟೆಪಾಡಿಗಾಗಿ ಜೋಡು ಹೊಲಿಯುತ್ತಿದ್ದ, ಮಕ್ಕಳಿಗೆ ಪಾಠ ಹೇಳುತ್ತಿದ್ದ. ಭಾಷೆಗಳನ್ನು ಕಲಿಯಲು ಯಾವ ಕಾಲೇಜಿನ ಬೆಂಚಿನ ಮೇಲೂ ಕುಳಿತವನಲ್ಲ. ಅವನೇ 1817ರಲ್ಲಿ ಬಂಗಾಳದ ಶ್ರೀರಾಮಪುರದಿಂದ ನಮ್ಮ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಮರುವರ್ಷ ಸಂಗಡಿಗರೊಡನೆ ಅಲ್ಲಿ ಕಾಲೇಜು ತೆರೆದ. 1827ರಲ್ಲಿ ಡೆನ್ಮಾರ್ಕಿನ ದೊರೆಯ ಸನ್ನದಿನಿಂದ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರವೂ ದೊರೆಯಿತು. ಕನ್ನಡಿಗರು ಕಿಟ್ಟೆಲರನ್ನು ನೆನೆದಷ್ಟು ಈ ಚಮ್ಮಾರ ಪಾದ್ರಿಯನ್ನು ನೆನೆಯುವುದಿಲ್ಲವೆಂಬುದು ನನ್ನ ಸಣ್ಣದೊಂದು ಕೊರಗು.

ಎಲ್ಲರೂ ಕೇರಿಯಾಗಲಾರರಷ್ಟೆ. ಸಾಮಾನ್ಯನಿಗೆ ದಾರಿ ತೋರಿಸಿದ್ದು ಮಧ್ಯ ಅಮೆರಿಕದ ಗ್ವಾಟೆಮಾಲ. ಅಲ್ಲಿಯ ಪ್ರೆಸ್‌ಬಿಟೇರಿಯನ್ ಸೆಮಿನರಿಯವರಿಗೆ ಒಂದು ಕಷ್ಟವಿತ್ತು. ಊರಿನಲ್ಲಿ ನಿಜವಾಗಿ ಸಭೆಯ ಭಾರ ಹೊತ್ತವರು ಹೊಲ, ಮನೆ, ಮಕ್ಕಳನ್ನು ಬಿಟ್ಟು ಬಂದು ವಿದ್ಯಾರ್ಥಿನಿಲಯದಲ್ಲಿ ಇರಲಾರರು. ಬಂದು ಇದ್ದ ತರುಣರು ಓದು ಮುಗಿದ ಮೇಲೆ ಹಳ್ಳಿಗೆ ಹಿಂದಿರುಗಲಾರರು. 1963ರಲ್ಲಿ ಅವರು ಸೆಮಿನರಿಯನ್ನೇ ವಿದ್ಯಾರ್ಥಿಗಳ ಬಳಿಗೆ ಒಯ್ದರು. ವಾರವೆಲ್ಲ ಮನೆಯಲ್ಲಿ ಸ್ವಂತ ಓದು. ವಾರಕ್ಕೊಮ್ಮೆ ಹತ್ತಿರದ ಕೇಂದ್ರವೊಂದರಲ್ಲಿ ಗುರುಗಳೊಡನೆ, ಸಹಪಾಠಿಗಳೊಡನೆ ಕೂಟ. ಈ ಪದ್ಧತಿ ಬಹುಬೇಗ ಬೇರೆ ದೇಶಗಳಿಗೂ ಹಬ್ಬಿತು. 1971ರಲ್ಲಿ ಬೆಂಗಳೂರಿನಲ್ಲಿ ಟ್ಯಾಫ್ಟಿ ಎಂಬ ಸಂಸ್ಥೆ ಇದೇ ಕೆಲಸಕ್ಕಾಗಿ ಹುಟ್ಟಿತು. ಪುಸ್ತಕ ಒಬ್ಬನೇ ಓದಬೇಕು, ಓದಿದ್ದನ್ನು ನಾಲ್ವರ ನಡುವೆ ಇಟ್ಟು ನೋಡಬೇಕು ಎಂಬುದು ಅದರ ಮರ್ಮ. ಇಂದಿನ ಆನ್‌ಲೈನ್ ಓದಿನಲ್ಲಿ ಪುಸ್ತಕ ಉಳಿದಿದೆ, ಉಪನ್ಯಾಸ ಬೇಕಾದಷ್ಟಿದೆ. ಆದರೆ ಆ ಕೂಟ ತೆರೆಯ ಮೇಲಿನ ಚೌಕದೊಳಗಣ ಮುಖಗಳಿಗೆ ಇಳಿದಿದೆ. ಮಂಗಳೂರಿನ ಬಲ್ಮಠದ ಕಾಲೇಜಿನಲ್ಲಿ ಇದ್ದು ಓದಿದ ನನ್ನ ಗೆಳೆಯರು ಪಾಠಕ್ಕಿಂತ ಹೆಚ್ಚಾಗಿ ಊಟದ ಮನೆಯ ವಾಗ್ವಾದಗಳನ್ನೇ ನೆನೆಯುತ್ತಾರೆ. ನನಗೆ ಆ ನೆನಪಿಲ್ಲ. ಪಾಠ ಮುಗಿಯುತ್ತಲೇ ಚೌಕಗಳು ಒಂದೊಂದಾಗಿ ಆರಿಹೋಗುತ್ತವೆ; ಅಡಿಗೆಮನೆಯಲ್ಲಿ ತಣ್ಣಗಾದ ಅನ್ನ ಕಾದಿರುತ್ತದೆ.

ಕಳೆದ ವರ್ಷ ನಮಗೆ ಹೀಬ್ರೂ ಭಾಷೆಯಿತ್ತು. 'ನೆಫೆಶ್' ಎಂಬ ಶಬ್ದದ ಮೇಲೆಯೇ ಎರಡು ರಾತ್ರಿ ಪಾಠ ನಡೆಯಿತು. ನಮ್ಮ ಸತ್ಯವೇದದಲ್ಲಿ ಇದು ಕೆಲವೆಡೆ ಪ್ರಾಣವೆಂದು, ಕೆಲವೆಡೆ ಮನವೆಂದು ಬರುತ್ತದೆ. ಆದರೆ ಮೂಲದಲ್ಲಿ ಅದಕ್ಕೆ ಗಂಟಲು, ಕುತ್ತಿಗೆ ಎಂಬ ಅರ್ಥವೂ ಉಂಟು; ಉಸಿರು ಓಡಾಡುವ, ಹಸಿವು ಬಾಯಾರಿಕೆಗಳು ಒತ್ತುವ ಜಾಗ. ಅರವತ್ತೊಂಬತ್ತನೆಯ ಕೀರ್ತನೆಯಲ್ಲಿ ಮುಳುಗುತ್ತಿರುವವನ ನೆಫೆಶಿನವರೆಗೆ ನೀರು ಬಂದಿದೆಯೆಂದರೆ, ಕುತ್ತಿಗೆಯ ಮಟ್ಟಕ್ಕೆ ಬಂದಿದೆಯೆಂದೇ ಅರ್ಥ. ಆತ್ಮವನ್ನು ಶರೀರದಿಂದ ಬೇರೆ ಮಾಡಿ ಪ್ರಸಂಗ ಹೇಳಿಕೊಂಡು ಬಂದ ನನಗೆ ಇದು ಹೊಸ ಕಣ್ಣು ಕೊಟ್ಟಿತು.

ಪರೀಕ್ಷೆಯ ರಾತ್ರಿ ಮಳೆ ಹಿಡಿದಿತ್ತು. ತೆರೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಎಣಿಸುತ್ತದೆ. ಒಮ್ಮೆ ಮುಚ್ಚಿದರೆ ಪ್ರಶ್ನೆಪತ್ರಿಕೆ ಮತ್ತೆ ತೆರೆಯುವುದಿಲ್ಲ. ಇಪ್ಪತ್ತೈದು ನಿಮಿಷ ಉಳಿದಿರುವಾಗ ಫೋನು ಬಂತು. ನಮ್ಮ ಸಭೆಯ ಹಿರಿಯರೊಬ್ಬರ ಮೊಮ್ಮಗ. "ಅಜ್ಜಗ ಉಸಿರು ಹತ್ತೇತ್ರಿ, ಲಗೂನ ಬರ್ರಿ" ಎಂದ. ನಾನು ಆಗ ಬರೆಯುತ್ತಿದ್ದುದು ನೆಫೆಶ್ ಶಬ್ದದ ಮೇಲಿನ ಉತ್ತರವನ್ನೇ. ಬಂದೆ ಎಂದು ಹೇಳಿ, ಕುಳಿತೇ ಇದ್ದೆ, ಉತ್ತರ ಮುಗಿಸಿದೆ. ಹೋಗುವಷ್ಟರಲ್ಲಿ ಅಜ್ಜ ತೀರಿಕೊಂಡು ಹತ್ತು ನಿಮಿಷವಾಗಿತ್ತು. ಬಾಗಿಲಲ್ಲಿ ಆತನ ಹೆಂಡತಿ ನನ್ನನ್ನು ನೋಡಿ, "ಪರೀಕ್ಷಾ ಚೊಲೋ ಆತೇನ್ರಿ, ಪಾದ್ರಿಯವ್ರ?" ಎಂದು ಕೇಳಿದರು. ನಾನು ಓದುತ್ತಿರುವುದು ಊರಿಗೆಲ್ಲ ಗೊತ್ತು. ಕೊಂಕು ಲವಲೇಶವೂ ಇರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಆ ಪತ್ರಿಕೆಯಲ್ಲಿ ನನಗೆ ಒಳ್ಳೆಯ ಅಂಕ ಬಂತು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಓದನ್ನೇ ಬಿಟ್ಟುಬಿಡೋಣವೆಂದುಕೊಂಡು ಹಿರಿಯರ ಮಂಡಳಿಯ ಮುಂದೆ ನಡೆದದ್ದನ್ನೆಲ್ಲ ಇಟ್ಟೆ. ಅವರು ಬಿಡಲು ಒಪ್ಪಲಿಲ್ಲ. ಪರೀಕ್ಷೆಯ ದಿನಗಳನ್ನು ಮುಂಚೆಯೇ ತಿಳಿಸಿದರೆ ಕರೆ ಬಂದಲ್ಲಿಗೆ ತಮ್ಮಲ್ಲೊಬ್ಬರು ಹೋಗುವುದಾಗಿ ಹೇಳಿದರು. ಒಬ್ಬರು ಮಾತ್ರ, "ನೀವು ಏನು ಕಲೀತೀರಿ ಅಂತ ನಮಗೂ ಒಂದೀಟು ಹೇಳ್ರಿ" ಎಂದರು. ಅಂದಿನಿಂದ ಬುಧವಾರದ ಕೂಟದಲ್ಲಿ ಆ ವಾರದ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಗ್ವಾಟೆಮಾಲದವರ ಕೂಟ ತಡವಾಗಿ ನಮ್ಮೂರಿಗೂ ಬಂತೆನ್ನಬೇಕು. ಏಳೆಂಟು ಜನ ಸೇರುತ್ತಾರೆ, ಇಬ್ಬರು ತೂಕಡಿಸುತ್ತಾರೆ.

ಆ ತಾಯಿಯೂ ಬರುತ್ತಾರೆ. ಅವರೆದುರಿಗೆ ನೆಫೆಶಿನ ಮಾತೆತ್ತಲು ನನಗೆ ಮೂರು ತಿಂಗಳು ಧೈರ್ಯವಾಗಲಿಲ್ಲ. ಕೊನೆಗೊಂದು ಬುಧವಾರ ಎತ್ತಿದೆ. ಪ್ರಾಣವೆಂಬುದಕ್ಕೂ ಗಂಟಲೆಂಬುದಕ್ಕೂ ಒಂದೇ ಶಬ್ದ ಹೇಗಾದೀತೆಂದು, ಸೆಮಿನರಿಯಲ್ಲಿ ಕೇಳಿದ್ದನ್ನೆಲ್ಲ ಸೇರಿಸಿ ವಿವರಿಸತೊಡಗಿದ್ದೆ. ಅವರು ಸೆರಗು ಸರಿಮಾಡಿಕೊಂಡು, "ಇದಕ್ಕ ಅಷ್ಟ್ಯಾಕ ಹೇಳ್ತೀರಿ? ಆ ರಾತ್ರಿ ನಮ್ಮ ಯಜಮಾನರ ಜೀವ ಗಂಟಲಿಗೆ ಬಂದು ನಿಂತಿತ್ತಲ್ಲ" ಎಂದರು. ಯಾರೂ ಮಾತಾಡಲಿಲ್ಲ. ನಾನು ಟಿಪ್ಪಣಿಯ ಪುಸ್ತಕವನ್ನು ಮಡಿಚಿಟ್ಟೆ. ಮನೆಗೆ ಬಂದ ಮೇಲೆ, ಆ ಪಾಠದ ಹಾಳೆಯ ಅಂಚಿನಲ್ಲಿ ಅವರ ಮಾತನ್ನು ಹಾಗೆಯೇ ಬರೆದುಕೊಂಡೆ. ಪದವಿಗೆ ಇನ್ನೆರಡು ಪತ್ರಿಕೆ ಉಳಿದಿವೆ.