ಬರ್ಮನ್ ತಂದೆ-ಮಗನ ಹಾಡು: ಅಸಲು ಯಾವುದು, ನಕಲು ಯಾವುದು?



ಮೊನ್ನೆ ಗೆಳೆಯರೊಬ್ಬರಿಗೆ ಒಂದು ಬಂಗಾಳಿ ಹಾಡು ಕೇಳಿಸಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ನಕ್ಕುಬಿಟ್ಟರು. "ಇದು 'ಆಂಧಿ' ಚಿತ್ರದ ಹಾಡಲ್ಲವೇನ್ರೀ? ಬಂಗಾಳಿಗಳೂ ಹಿಂದಿಯಿಂದ ಕದೀತಾರೆ ಅನ್ನಿ!"

ಆದದ್ದು ತಿರುಗುಮುರುಗು, ಸ್ವಾಮಿ! ರಾಹುಲ್ ದೇವ್ ಬರ್ಮನ್ ಆ ಧಾಟಿಯನ್ನು ಮೊದಲು ಕಟ್ಟಿದ್ದೇ ಬಂಗಾಳಿಗೆ. ಸಾಹಿತ್ಯ ಗೌರೀಪ್ರಸನ್ನ ಮಜುಂದಾರರದು, ಹಾಡಿದ್ದು ಸ್ವತಃ ಆರ್.ಡಿ. ಆಮೇಲೆ ಗುಲ್ಜಾರ್ ಹಿಂದಿ ಮಾತು ಕೂಡಿಸಿದರು. ಲತಾ, ಕಿಶೋರ್ ಹಾಡಿದರು. 1975ರಲ್ಲಿ 'ಆಂಧಿ' ಬಂತು. ರೂಬಿ ರಾಯ್ ಎಂಬ ಹುಡುಗಿಯ ನೆನಪಿನ ಹಾಡಿನದೂ ಇದೇ ಕತೆ. 1969ರಲ್ಲಿ ಸಚಿನ್ ಭೌಮಿಕ್ ಬರೆದು ಆರ್.ಡಿ. ಹಾಡಿದ್ದು, 1973ರ 'ಅನಾಮಿಕಾ'ದಲ್ಲಿ ಹಿಂದಿಯಾಗಿ ದೇಶ ಸುತ್ತಿತು. ರೂಬಿ ರಾಯ್ ಮಾತ್ರ ಬಂಗಾಳದಲ್ಲೇ ಉಳಿದಳು.

ಬಂಗಾಳದಲ್ಲಿ ದುರ್ಗಾಪೂಜೆ ಬಂತೆಂದರೆ ಹೊಸ ಬಟ್ಟೆಯ ಜೊತೆ ಹೊಸ ಹಾಡಿನ ಪ್ಲೇಟುಗಳೂ ಬರುತ್ತಿದ್ದವು. ಸಿನಿಮಾದ ಹಂಗಿಲ್ಲದ ಹಾಡುಗಳು. ನಮ್ಮಲ್ಲಿ ಭಾವಗೀತೆಯ ಕ್ಯಾಸೆಟ್ಟು ಬರುತ್ತಿದ್ದ ಹಾಗೆ ಅಂದುಕೊಳ್ಳಿ. 'ಶೋಲೆ'ಯಲ್ಲಿ ಗಂಟಲು ಬಿರಿಯುವಂತೆ ಕೂಗಿದ ಅದೇ ಮನುಷ್ಯ ಈ ಪ್ಲೇಟುಗಳಲ್ಲಿ ಎಷ್ಟು ಮೆಲ್ಲಗೆ ಹಾಡಿದ್ದಾನೆ, ಕೇಳಿ ನೋಡಿ. ಹಿಂದಿಯವರು ಆ ದನಿಯನ್ನು ಕೇಳಲೇ ಇಲ್ಲ. ನಷ್ಟ ಅವರದೂ ಹೌದು.

ಇನ್ನು ತಂದೆ ಸಚಿನ್ ದೇವ್ ಬರ್ಮನ್. 1969ರ 'ತಲಾಶ್' ಚಿತ್ರದಲ್ಲಿ ಲತಾ ಹಾಡಿದ ಒಂದು ಹಾಡಿನ ಧಾಟಿ, ಅವರ ಮಡದಿ ಮೀರಾ ಬರೆದು ಅವರೇ ಹಾಡಿದ ದಕ್ಷಿಣದ ಗಾಳಿಯ ಬಂಗಾಳಿ ಹಾಡಿನದು. ಮೀರಾ ಎಂಬ ಕವಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹಿಂದಿಯಲ್ಲಿ ಸಚಿನ್ ದಾದಾ ಹಾಡಿದ್ದು ಬೆರಳೆಣಿಕೆಯಷ್ಟು: 'ಸುಜಾತಾ', 'ಬಂದಿನಿ', 'ಗೈಡ್' ಇಂಥವುಗಳಲ್ಲಿ. ಅಲ್ಲೂ ನಾಯಕನ ದನಿಯಲ್ಲ, ಎಲ್ಲಿಂದಲೋ ತೇಲಿ ಬರುವ ದನಿ. ಬಂಗಾಳಿಯಲ್ಲಾದರೋ 1932ರಿಂದಲೇ ಅವರ ಪ್ಲೇಟುಗಳಿವೆ.

ಅವರು 1906ರಲ್ಲಿ ಹುಟ್ಟಿದ್ದು ಕುಮಿಲ್ಲಾದಲ್ಲಿ. 1944ರಲ್ಲಿ ಮುಂಬಯಿಗೆ ಬಂದರು. ಮೂರು ವರ್ಷಕ್ಕೆ ದೇಶ ಒಡೆಯಿತು; ಹುಟ್ಟಿದೂರು ಗಡಿಯ ಆಚೆ ಉಳಿಯಿತು. ಅದು ಇಂದು ಬಾಂಗ್ಲಾದೇಶ. ಆ ನದಿಗಳ ಅಂಬಿಗರು ಹೊಳೆಯ ಇಳಿತದಲ್ಲಿ ಹಾಡುವ ಭಾಟಿಯಾಲಿ ಮಾತ್ರ ಅವರ ಗಂಟಲು ಬಿಡಲಿಲ್ಲ.

ಮೀರಾ ಬರೆದ ಇನ್ನೊಂದು ಹಾಡಿದೆ. ಕೊಟ್ಟ ಮನೆಯಲ್ಲಿರುವ ಹೆಣ್ಣುಮಗಳು ಹೊಳೆಯ ದಡದಲ್ಲಿ ನಿಂತು, ಹೋಗುತ್ತಿರುವ ದೋಣಿಯವನಿಗೆ ಕೂಗಿ ಹೇಳುತ್ತಾಳೆ: ನನ್ನ ಅಣ್ಣನಿಗೆ ತಿಳಿಸು, ಬಂದು ತವರಿಗೆ ಕರೆದುಕೊಂಡು ಹೋಗಲಿ ಎಂದು. ಪಂಚಮಿಗೆ ಅಣ್ಣನ ದಾರಿ ಕಾಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕೇ? ಹುಟ್ಟಿದೂರು ಪರದೇಶವಾದ ಗಂಡಸು, ತವರಿಗೆ ಹಂಬಲಿಸುವ ಹೆಂಗಸಿನ ಹಾಡು ಹಾಡುತ್ತಾನೆ. ಅದಕ್ಕೇ ಆ ದನಿ ಅಷ್ಟು ನಡುಗುತ್ತದೆ ಎಂಬುದು ನನ್ನ ಊಹೆ. ಸಂಗೀತ ಬಲ್ಲವರು ಬೇರೆ ಕಾರಣ ಹೇಳಿಯಾರು.

ನನ್ನ ಗೆಳೆಯರಿಗೆ ಕೊನೆಗೆ ಇದನ್ನೇ ಕೇಳಿಸಿದೆ. ಈ ಸಲ ನಗಲಿಲ್ಲ. "ಇದು ಯಾವ ಹಿಂದಿ ಪಿಕ್ಚರಿನದು?" ಎಂದೂ ಕೇಳಲಿಲ್ಲ. "ಆ ಅಣ್ಣ ಬಂದನೇನ್ರೀ?" ಎಂದು ಕೇಳಿದರು.

ಈಗ ನಿಮಗೂ ಹಾಕುತ್ತೇನೆ. ಭಾಷೆ ಬರುವುದಿಲ್ಲವೆಂದು ಎದ್ದು ಹೋಗಬೇಡಿ, ಮೂರೇ ನಿಮಿಷ.