ಗ್ಲಾನಸೇವೆಯೂ ಪರೇಲಿನ ಮಕ್ಕಳೂ

(ಮುಂಬಯಿಯ ಕನ್ನಡ ಜೈನ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಆಭ್ಯಂತರ ತಪಸ್ಸುಗಳನ್ನು ಹೇಳುವಾಗ ವೈಯಾವೃತ್ತ್ಯವನ್ನು ಮೂರನೆಯದಾಗಿ ಎಣಿಸುತ್ತದೆ. ಆ ಸೇವೆಗೆ ಅರ್ಹರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನೂ, ಎಂದರೆ ರೋಗದಿಂದ ಬಳಲಿದವನೂ, ಒಬ್ಬ. ಅಲ್ಲಿ ಹೇಳಿರುವುದು ಮುನಿಸೇವೆಯನ್ನೇ ಎಂಬ ಆಕ್ಷೇಪ ಸಹಜ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿ ಸೇರಿಸಿ, ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳನ್ನು ಅದರೊಳಗೇ ಇರಿಸಿದರು. ಜಿನಸೇನಾಚಾರ್ಯರು ಹೇಳುವ ದಯಾದತ್ತಿಯಂತೂ ದುಃಖಿತ ಜೀವಿಗಳೆಲ್ಲರಿಗೂ ಸಲ್ಲುತ್ತದೆ. ಹೀಗೆ ದಾನವು ಸೇವೆಯ ಅಂಗವೇ ಹೊರತು ಸೇವೆಗೆ ಬದಲಿಯಲ್ಲ.

ಈ ಮಾತಿನ ಪರೀಕ್ಷೆ ಪರೇಲಿನಲ್ಲಿ ನಡೆಯುತ್ತದೆ. 1929ರ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ, 1941ರ ಟಾಟಾ ಸ್ಮಾರಕ ಆಸ್ಪತ್ರೆ, ಎರಡೂ ಪಾರ್ಸಿ ಔದಾರ್ಯದ ಫಲ. ಅಲ್ಲಿಗೆ ದೇಶದ ನಾನಾ ಮೂಲೆಗಳಿಂದ ಮಕ್ಕಳು ಬರುತ್ತಾರೆ. ವೈದ್ಯರು ಔಷಧವನ್ನು ನಿರ್ಣಯಿಸಿ ಮುಂದಿನ ಹಾಸಿಗೆಗೆ ಸಾಗುತ್ತಾರೆ. ಉಳಿದ ಹೊತ್ತೆಲ್ಲ ಮಗು ಇರುವುದು ದಾದಿಯ ಕಣ್ಣಳತೆಯಲ್ಲಿ. ಮಗುವಿನ ತೂಕಕ್ಕೆ ತಕ್ಕ ಔಷಧದ ಪ್ರಮಾಣವನ್ನು ಮತ್ತೊಮ್ಮೆ ಲೆಕ್ಕ ಹಾಕುವವಳು, ರಕ್ತನಾಳಕ್ಕೆ ಜೋಡಿಸಿದ ನಳಿಕೆಗೆ ಸೋಂಕು ತಗಲದಂತೆ ಕಾಯುವವಳು, ನೋವನ್ನು ಹೇಳಲಾರದ ಕೂಸಿನ ಮುಖಭಾವದಿಂದಲೇ ನೋವನ್ನು ಅಳೆಯುವವಳು ಅವಳೇ. ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿ ರಕ್ತಕಣಗಳು ಕುಸಿದಿರುವಾಗ ಬರುವ ಜ್ವರ ಸಾಮಾನ್ಯ ಜ್ವರವಲ್ಲ. ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರಬಲ್ಲದು. ವಿರಾರಿನಲ್ಲೋ ಕಲ್ಯಾಣದಲ್ಲೋ ಬಾಡಿಗೆ ಕೋಣೆ ಹಿಡಿದ ತಾಯಿಗೆ ಇದನ್ನು ಮೊದಲೇ ತಿಳಿಸಿ, ಥರ್ಮಾಮೀಟರ್ ಓದಲು ಕಲಿಸಿ ಕಳುಹಿಸದಿದ್ದರೆ, ಬೆಲೆಬಾಳುವ ಔಷಧವೂ ವ್ಯರ್ಥ.

ಆವಾಸದಾನದ ಅರ್ಥವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಟಾಟಾ ಆಸ್ಪತ್ರೆಯ ಹೊರಗಿನ ಪಾದಚಾರಿ ಮಾರ್ಗದಲ್ಲಿ ಮಲಗುವ ಕುಟುಂಬಗಳನ್ನು ಮುಂಬಯಿ ದಶಕಗಳಿಂದ ನೋಡುತ್ತಿದೆ. ಸೋಂಕಿಗೆ ಸುಲಭವಾಗಿ ತುತ್ತಾಗುವ ಮಗುವಿಗೆ ಶುಚಿಯಾದ ಕೋಣೆಯೂ ಅಡುಗೆಯ ಅನುಕೂಲವೂ ಚಿಕಿತ್ಸೆಯ ಭಾಗಗಳೇ. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೇಂಟ್ ಜೂಡ್ ಮಕ್ಕಳ ಆರೈಕೆ ಕೇಂದ್ರಗಳು ಇದನ್ನು ಅರಿತು, ಅಂಥ ಕುಟುಂಬಗಳಿಗೆ ಉಚಿತ ವಸತಿ ನೀಡುತ್ತಿವೆ. ವಸತಿ, ಆಹಾರ, ಆಪ್ತಸಲಹೆಗಳ ನೆರವು ಕೂಡಿಬಂದ ಮೇಲೆ ಟಾಟಾ ಆಸ್ಪತ್ರೆಯಲ್ಲಿ ಮಕ್ಕಳ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರ ಪ್ರಮಾಣ ಶೇಕಡಾ 20ರಷ್ಟಿದ್ದದ್ದು 5ರ ಆಸುಪಾಸಿಗೆ ಇಳಿಯಿತು.

ರಾಜ್ಯದ ಹೊಣೆಯನ್ನು ಮರೆಯುವಂತಿಲ್ಲ. 2020ರ ಜನವರಿಯಲ್ಲಿ ಅನುದಾನ ಬಾಕಿಯಿಂದ ವಾಡಿಯಾ ಆಸ್ಪತ್ರೆ ಮುಚ್ಚುವ ಸ್ಥಿತಿಗೆ ಬಂದಾಗ, ಸರಕಾರದ ಬಳಿ ಪ್ರತಿಮೆಗಳಿಗೆ ಹಣವಿದೆ, ಜನರ ಆರೋಗ್ಯಕ್ಕೆ ಇಲ್ಲವೇ ಎಂದು ಬಾಂಬೆ ಹೈಕೋರ್ಟ್ ತರಾಟೆಗೆ ತೆಗೆದುಕೊಂಡಿತು. ಆ ಪ್ರಶ್ನೆ ಸರಕಾರಕ್ಕೆ ಮಾತ್ರ ಸಲ್ಲುತ್ತದೆಯೇ? ಪಂಚಕಲ್ಯಾಣಕ್ಕೂ ಬೋಲಿಗೂ ಲಕ್ಷಗಟ್ಟಲೆ ಹರಿಯುವ ಸಮಾಜದಲ್ಲಿ, ಆಸ್ಪತ್ರೆಯ ಯಂತ್ರಕ್ಕೆ ದಾನಿ ಸಿಗುತ್ತಾನೆ, ಏಕೆಂದರೆ ಅದರ ಮೇಲೆ ಹೆಸರು ಕೆತ್ತಿಸಬಹುದು. ದಾದಿಯ ಸಂಬಳದ ಮೇಲೆ ಹೆಸರು ಕೆತ್ತಿಸಲಾಗದು. ಸುಪ್ರೀಂ ಕೋರ್ಟಿನ ಆದೇಶದಂತೆ ರಚಿತವಾದ ಸಮಿತಿ 2016ರಲ್ಲಿ, ಸಣ್ಣ ಖಾಸಗಿ ಆಸ್ಪತ್ರೆಯ ದಾದಿಗೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಸಮಾಜದ ಹೆಸರಿನಲ್ಲಿ ನಡೆಯುವ ಪ್ರತಿಯೊಂದು ಆಸ್ಪತ್ರೆಯ ಟ್ರಸ್ಟೂ ತನ್ನ ಸಂಬಳದ ಪಟ್ಟಿಯನ್ನು ಈ ಅಳತೆಗೆ ಹಿಡಿದು ನೋಡಬೇಕು.

ಇನ್ನೊಂದು ಮಾತು ಕಹಿಯಾದರೂ ಅವಶ್ಯ. ಗುಣವಾಗದ ರೋಗದ ಎಳೆಯ ಕೂಸಿಗೆ ಸಲ್ಲೇಖನ ಕೊಡಿಸಿದ ಸುದ್ದಿ ಈಚೆಗೆ ದೇಶದಲ್ಲೆಲ್ಲ ಚರ್ಚೆಯಾಯಿತು. ಆ ತಂದೆತಾಯಿಯರ ದುಃಖವನ್ನು ಹಳಿಯುವುದು ಹಿಂಸೆಯೇ. ಆದರೆ ವ್ರತವೆಂಬುದು ಅರಿತು, ತಾನಾಗಿ ಕೈಗೊಳ್ಳುವ ಸಂಕಲ್ಪ. ಕೂಸಿಗೆ ಆ ಅರಿವಿಲ್ಲ. ಭಸ್ಮಕ ವ್ಯಾಧಿಯಿಂದ ಬೆಂದ ಸಮಂತಭದ್ರರು ಸಲ್ಲೇಖನ ಬೇಡಿದಾಗ, ಗುರುಗಳು ಒಪ್ಪದೆ ರೋಗ ಶಮನ ಮಾಡಿಕೊಳ್ಳಲು ಕಳುಹಿಸಿದರೆಂದು ಪರಂಪರೆಯ ಕಥೆಯೇ ಹೇಳುತ್ತದೆ. ಗುಣವಾಗದ ಮಗುವಿಗೂ ಸಲ್ಲಬೇಕಾದದ್ದು ನೋವಿಲ್ಲದ ದಿನಗಳು. ಬಾಂದ್ರಾದ ಶಾಂತಿ ಅವೇದನಾ ಸದನ 1986ರಿಂದ ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರನ್ನು ಉಪಚರಿಸುತ್ತಿದೆ. ಮಾದಕ ವಸ್ತುಗಳ ಕಾಯಿದೆಯ 2014ರ ತಿದ್ದುಪಡಿ ನೋವು ನಿವಾರಣೆಗೆ ಮಾರ್ಫಿನ್ ಒದಗಿಸುವ ದಾರಿಯನ್ನು ಸುಗಮಗೊಳಿಸಿತು. ಅದನ್ನು ಕಾಲಕಾಲಕ್ಕೆ ಕೊಟ್ಟು, ಮಗುವಿನ ಪಕ್ಕದಲ್ಲಿ ಎಚ್ಚರವಾಗಿರಬಲ್ಲ ಶಿಕ್ಷಿತ ಕೈಗಳು ಬೇಕು.

ಆದುದರಿಂದ ಈ ಸಭೆಯ ಮುಂದೆ ಮೂರು ಸಲಹೆಗಳಿವೆ. ಪ್ರತಿ ಬಸದಿಯೂ ಸಂಘವೂ ಪರ್ಯೂಷಣದ ಸಂಗ್ರಹದಲ್ಲಿ ಒಂದು ಪಾಲನ್ನು ಮಕ್ಕಳ ದಾದಿಯರ ಸಂಬಳಕ್ಕೂ ತರಬೇತಿಗೂ ಮೀಸಲಿಡಲಿ. ಖಾಲಿ ಇರುವ ಧರ್ಮಶಾಲೆಯ ಕೋಣೆಗಳು ಜಾತಿಮತ ಕೇಳದೆ ರೋಗಿ ಮಕ್ಕಳ ಕುಟುಂಬಗಳಿಗೆ ತೆರೆಯಲಿ. ಸಮಾಜದ ಹೆಣ್ಣು-ಗಂಡು ಮಕ್ಕಳು ಶುಶ್ರೂಷೆಯ ಓದನ್ನು ಆರಿಸಿಕೊಂಡರೆ, ಮನೆಯ ಹಿರಿಯರು ಅದನ್ನು ಕೀಳಾಗಿ ಕಾಣದಿರಲಿ. ಮಲಮೂತ್ರ ತೆಗೆಯುವ ಕೆಲಸ ಅದು ಎಂದು ಮೂಗು ಮುರಿಯುವವರು ಸಮ್ಯಗ್ದರ್ಶನದ ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದೆಂಬುದನ್ನು ನೆನೆಯಲಿ. ರೋಗಿಯ ದೇಹಕ್ಕೆ ಅಸಹ್ಯಪಡದಿರುವುದೇ ಅದರ ಮೊದಲ ಪಾಠ.