ದೂರದ ಸಂಚಾರಿ ಕಂಡ ತೇರು

(ಉತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಮಡತ್ತುಕುಳಂ ಪಳನಿಯ ದಾರಿಯಲ್ಲಿರುವ ಊರು. ತೈಪೂಸದ ಕಾಲಕ್ಕೆ ಕಾವಡಿ ಹೊತ್ತ ಭಕ್ತರು ಈ ರಸ್ತೆಯಲ್ಲೇ ನಡೆದು ಹೋಗುತ್ತಾರೆ. ಬೀದಿಯಲ್ಲಿ ತಮಿಳು ಆಡುವ ಈ ಸೀಮೆಯ ಎಷ್ಟೋ ಮನೆಗಳಲ್ಲಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕೇಳುವ ಮಾತು ಕನ್ನಡ. ತಲೆಮಾರುಗಳು ಕಳೆದರೂ ತಾಯಿ ಕಲಿಸಿದ ನುಡಿ ಅಳಿದಿಲ್ಲ. ಭಕ್ತಿಗೂ ಇಂಥದೊಂದು ಮನೆಮಾತು ಉಂಟು. ಅದು ಎಷ್ಟು ಗಟ್ಟಿಯಾದುದೆಂಬುದಕ್ಕೆ ಒಬ್ಬ ಪರದೇಶಿ ಸಂಚಾರಿಯ ಜೀವನವೇ ಸಾಕ್ಷಿ.

ಆತನೇ ಫ್ರಾನ್ಸ್ ದೇಶದ ಕ್ರೈಸ್ತ ಪಾದ್ರಿ ಅಬ್ಬೆ ದುಬಾಯ್. 'ಅಬ್ಬೆ' ಎಂದರೆ ಅಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವದ ಹೆಸರು. 1792ರಲ್ಲಿ ಅವರು ಈ ದೇಶಕ್ಕೆ ಬಂದರು. ತಮಿಳು ಸೀಮೆಯಲ್ಲಿ ಕೆಲವು ವರ್ಷ ಕಳೆದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಗೆ ಹೋದರು. ಕೊಯಮತ್ತೂರು ಬಳಿಯ ಕರುಮತ್ತಂಪಟ್ಟಿಯ ಹಳೆಯ ಚರ್ಚಿನ ಚರಿತ್ರೆಯಲ್ಲಿಯೂ ಅವರ ಹೆಸರಿದೆ. ತಲೆಗೆ ರುಮಾಲು ಸುತ್ತಿ, ನಿಲುವಂಗಿ ತೊಟ್ಟು, ಈ ನೆಲದ ಆಹಾರವನ್ನೇ ಉಂಡು, ಜನರ ನಡುವೆ ಬದುಕಿದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು.

ಇಂಥ ಸಂಚಾರಿ ತಮ್ಮದೇ ಮತದ ಹಬ್ಬದಲ್ಲಿ ಕಂಡುದೇನು? ರಾತ್ರಿಯ ಮೆರವಣಿಗೆ. ಸಾಲುಸಾಲು ಪಂಜುಗಳು, ತಮಟೆ, ಕೊಂಬು, ಬಾಣಬಿರುಸು. ಹೂಮಾಲೆಗಳಿಂದ ತುಂಬಿದ ತೇರು, ತೇರಿನ ಮೇಲೆ ಸಂತರ ಮೂರ್ತಿ. ಜಯಘೋಷ ಮಾಡುತ್ತ ಎಳೆಯುವ ಜನ. ಅವರ ಮತ ಬದಲಾಗಿತ್ತು, ತೇರು ಬದಲಾಗಿರಲಿಲ್ಲ. ಅಜ್ಜಂದಿರು ಹೇಗೆ ದೇವರನ್ನು ಬೀದಿಗೆ ಬರಮಾಡಿಕೊಂಡರೋ ಮೊಮ್ಮಕ್ಕಳೂ ಹಾಗೆಯೇ ಬರಮಾಡಿಕೊಂಡರು.

ದುಬಾಯ್ ಅವರಿಗೆ ಇದರಿಂದ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದರು. ದೇವಾಲಯಗಳ ಉತ್ಸವಗಳ ವಿಷಯದಲ್ಲಿಯೂ ಅವರ ಮಾತು ಕಟುವಾಗಿತ್ತು. ಅದೇ ವರ್ಷ ಅವರು ಈ ದೇಶ ಬಿಟ್ಟು ಹೋದರು. 31 ವರ್ಷ ದುಡಿದರೂ ತಾವು ಬಂದ ಕಾರ್ಯ ಕೈಗೂಡಲಿಲ್ಲವೆಂದು ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ತಲೆಬಾಗಬೇಕು. ಆದರೆ ಜನರಿಗಾಗಿ ತಾವೇ ರುಮಾಲು ಸುತ್ತಿದ್ದ ಅವರು, ಜನರು ತಮ್ಮ ದೇವರಿಗೆ ತೇರು ಕಟ್ಟಿದಾಗ ಅದರೊಳಗಿನ ಪ್ರೀತಿಯನ್ನು ಕಾಣಲಾರದೆ ಹೋದರು.

ಇದು ಒಬ್ಬರ ಸಂಕಟವಲ್ಲ. ಅವರಿಗೂ ಹಿಂದೆ, 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಸಂನ್ಯಾಸಿಯಂತೆ ಕಾವಿ ಉಟ್ಟಿದ್ದರು. ಈ ನೆಲದ ಆಚಾರಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದೆಂಬ ವಾದ ರೋಮಿನವರೆಗೂ ಹೋಗಿ, 1744ರಲ್ಲಿ ಪೋಪ್ ಅನೇಕ ಆಚಾರಗಳನ್ನು ನಿಷೇಧಿಸಿದರು. ನಿಷೇಧ ಬಂದರೂ ತೇರು ನಿಲ್ಲಲಿಲ್ಲವೆಂಬುದಕ್ಕೆ ದುಬಾಯ್ ಅವರ ಪತ್ರಗಳೇ ಪ್ರಮಾಣ.

ಭೂಮಂಡಲದ ಆಚೆ ಬದಿಯಲ್ಲಿಯೂ ಹೀಗೆಯೇ ನಡೆದಿದೆ. ಮೆಕ್ಸಿಕೋ ದೇಶದ ಮಾಯಾ ಜನರ ಪವಿತ್ರ ಪುಸ್ತಕಗಳನ್ನೂ ವಿಗ್ರಹಗಳನ್ನೂ 1562ರಲ್ಲಿ ಮಾನಿ ಎಂಬ ಊರಿನಲ್ಲಿ ಡಿಯೆಗೊ ಡಿ ಲಾಂಡಾ ಎಂಬ ಸ್ಪೇನಿನ ಪಾದ್ರಿ ಬೆಂಕಿಗೆ ಹಾಕಿಸಿದರು. ಆದರೆ ಇಂದು ಅದೇ ದೇಶದ ಚಾಮುಲಾ ಎಂಬ ಊರಿನ ಚರ್ಚಿಗೆ ಹೋಗುವ ಸಂಚಾರಿ ಬೆರಗಾಗುತ್ತಾನೆ. ಒಳಗೆ ಕುಳಿತುಕೊಳ್ಳಲು ಬೆಂಚುಗಳಿಲ್ಲ. ನೆಲದ ಮೇಲೆ ಪೈನ್ ಮರದ ಹಸಿರೆಲೆ ಹರಡಿದೆ. ನೆಲಕ್ಕೇ ಅಂಟಿಸಿದ ನೂರಾರು ಮೇಣದ ದೀಪಗಳು, ಧೂಪದ ಹೊಗೆ, ಗೋಡೆಯುದ್ದಕ್ಕೂ ಸಂತರ ಮೂರ್ತಿಗಳು. ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಮಾಯಾ ಮನೆತನದ ಹೆಂಗಸು ತನ್ನ ತಾಯ್ನುಡಿಯಲ್ಲೇ ಪ್ರಾರ್ಥಿಸುತ್ತಾಳೆ. ಒಳಗೆ ಫೋಟೋ ತೆಗೆಯಬಾರದೆಂಬುದು ಊರವರ ಕಟ್ಟಳೆ. ಅದು ನೋಟಕರಿಗಾಗಿ ನಡೆಯುವುದಲ್ಲ, ದೇವರಿಗಾಗಿ ನಡೆಯುವುದು. ಪುಸ್ತಕ ಸುಟ್ಟಿತು, ಮೊಣಕಾಲೂರಿ ದೀಪ ಹಚ್ಚುವ ಕೈ ಮರೆಯಲಿಲ್ಲ.

ಭಕ್ತರೇ, ಎಲ್ಲ ಮತಗಳೂ ಒಂದೇ ಎಂದು ಸುಲಭವಾಗಿ ಹೇಳಿಬಿಡುವುದಕ್ಕೆ ಈ ಮಾತುಗಳಲ್ಲ. ತತ್ತ್ವಗಳು ಬೇರೆ ಇರಬಹುದು, ದೇವರ ಹೆಸರುಗಳೂ ಬೇರೆ ಇರಬಹುದು. ಆದರೆ ಹೂ, ದೀಪ, ಧೂಪ, ತೇರಿನ ಹಗ್ಗ ಇವು ತಾಯಿ ಕಲಿಸಿದ ಭಕ್ತಿಯ ನುಡಿ. ಅದನ್ನು ಕಂಡು ನಗುವುದು ಇನ್ನೊಬ್ಬರ ತಾಯ್ನುಡಿಯನ್ನು ಕೇಳಿ ನಕ್ಕಂತೆ. ಎರಡು ನುಡಿಗಳ ನಡುವೆ ಬಾಳುವ ಈ ಊರಿನ ಕನ್ನಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಉತ್ಸವಕ್ಕೂ ದೂರದ ಸಂಚಾರಿಗಳು ಬಂದಾರು. ಅರಿಯದೆ ಏನಾದರೂ ಕೇಳಿಯಾರು. ಅವರನ್ನು ನೆರಳಿಗೆ ಕರೆದು, ನೀರುಮಜ್ಜಿಗೆ ಕೊಟ್ಟು, ತಾಳ್ಮೆಯಿಂದ ತಿಳಿಸಿ ಹೇಳುವುದೂ ತೇರು ಎಳೆದಷ್ಟೇ ದೊಡ್ಡ ಸೇವೆ. ಬೇರೆಯವರ ತೇರು ಎದುರಾದಾಗ ದಾರಿ ಬಿಟ್ಟು ನಿಂತು ಕೈಮುಗಿಯುವುದೂ ಅಂಥದೇ ಸೇವೆ.

ಸರ್ವರಿಗೂ ಶುಭವಾಗಲಿ.